ನರಕ್ಕೆ ಸೂಜಿ

ಸರ್ಪಸುತ್ತಿನ ಗುಳ್ಳೆ ಒಣಗಿ ತಿಂಗಳುಗಳಾದರೂ ಕೆಲವರಿಗೆ ಉರಿ ನಿಲ್ಲೋದಿಲ್ಲ. ವೈರಸ್ಸು ಕೆಡಿಸಿದ್ದು ನರವನ್ನು; ಚರ್ಮ ಮಾಯ್ದರೂ ನರ ಸುಳ್ಳು ಸುದ್ದಿ ಕಳಿಸುತ್ತಲೇ ಇರುತ್ತದೆ. ದಹಿಸರಿನ ನಮ್ಮ ಮನೆಯಲ್ಲಿ ಅಮ್ಮನ ಪಕ್ಕೆಗೆ ಸೆರಗು ಸೋಕಿದರೂ ಉರಿ. ಡಾಕ್ಟರು ‘ನರ್ವ್ ಬ್ಲಾಕ್’ ಇಂಜೆಕ್ಷನ್ ಸೂಚಿಸಿದ್ದಾರೆ. ಅದಕ್ಕೇ ಇಷ್ಟು ಓದಿಕೊಂಡೆ.

ಪಕ್ಕೆಲುಬಿನ ಕೆಳ ಅಂಚಿನಲ್ಲಿ ನರ ಹಾಯುತ್ತದೆ. ಅದರ ಸುತ್ತ ಲಿಡೋಕೇನ್ (1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದದ್ದು) ಥರದ ಮದ್ದು ಬಿಟ್ಟರೆ ಸುದ್ದಿ ಅಲ್ಲೇ ತಡೆಯುತ್ತದೆ, ಆದರೆ ಕೆಲವೇ ಗಂಟೆ. ಅಷ್ಟರಲ್ಲಿ ನೋವು ನಿಂತರೆ ನರ ಇದೇ ಎಂದು ಗೊತ್ತಾಯಿತು. ನನಗೆ ಇದೇ ದೊಡ್ಡ ಲಾಭವೆನಿಸುತ್ತದೆ. ಸ್ಟೀರಾಯ್ಡ್ ಕೂಡಿಸಿದರೆ ಕೆಲವರಿಗೆ ವಾರಗಟ್ಟಲೆ ಆರಾಮ, ಎಲ್ಲರಿಗೂ ಅಲ್ಲ. ಶ್ವಾಸಕೋಶ ಪಕ್ಕದಲ್ಲೇ ಇರುವುದರಿಂದ ಪಳಗಿದ ಕೈಯೇ ಬೇಕು. ಸ್ಟೀರಾಯ್ಡು ರಕ್ತದ ಸಕ್ಕರೆಯನ್ನೂ ಏರಿಸೀತು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಡಾಕ್ಟರ ಹತ್ತಿರ ನಾವು ಮೊದಲು ಕೇಳೋದು ಅದನ್ನೇ.