ಟೆಸ್ಟೋಸ್ಟೆರಾನ್ ಕಡಿಮೆ ಇದೆ, ಇಂಜೆಕ್ಷನ್ ಬೇಕೆ?

ಪ್ರಶ್ನೆ: ನನಗೆ 43 ವರ್ಷ. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಿದ್ದೇನೆ. ತೂಕ 88 ಕೆ.ಜಿ., ಎತ್ತರ 5 ಅಡಿ 6 ಇಂಚು. ಹೊಟ್ಟೆ ಬಂದಿದೆ, ಸದಾ ಸುಸ್ತು, ಲೈಂಗಿಕ ಆಸಕ್ತಿಯೂ ಕುಗ್ಗಿದೆ. ಹೆಲ್ತ್ ಚೆಕಪ್ ಮಾಡಿಸಿದಾಗ ಟೆಸ್ಟೋಸ್ಟೆರಾನ್ 248 ಬಂತು, ಕಡಿಮೆ ಎಂದು ಬರೆದಿದ್ದಾರೆ. ಇಂಜೆಕ್ಷನ್ ತೆಗೆದುಕೊಂಡರೆ ತೂಕವೂ ಇಳಿಯುತ್ತದೆ ಎಂದು ಜಿಮ್‌ನಲ್ಲಿ ಹೇಳಿದರು. ನಮಗೆ ಇನ್ನೊಂದು ಮಗು ಬೇಕೆಂಬ ಆಸೆ ಇದೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಸದ್ಯಕ್ಕೆ ಇಂಜೆಕ್ಷನ್ ಬೇಡ. ಮಗು ಬೇಕೆನ್ನುವವರಿಗಂತೂ ಬೇಡವೇ ಬೇಡ. ಟೆಸ್ಟೋಸ್ಟೆರಾನ್ ಹೊರಗಿನಿಂದ ಬರತೊಡಗಿದರೆ, ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಸೂಚನೆ ಕಳಿಸುವುದನ್ನು ನಿಲ್ಲಿಸುತ್ತದೆ. ವೀರ್ಯಾಣುಗಳ ಸಂಖ್ಯೆ ಕುಸಿದು, ಕೆಲವರಲ್ಲಿ ಸೊನ್ನೆಗೂ ಇಳಿಯುತ್ತದೆ. ಇಂಜೆಕ್ಷನ್ ಬಿಟ್ಟ ಮೇಲೂ ಚೇತರಿಕೆಗೆ ತಿಂಗಳುಗಟ್ಟಲೆ ಬೇಕು.

ಒಂದೇ ವರದಿ ನೋಡಿ ತೀರ್ಮಾನಿಸುವಂತೆಯೂ ಇಲ್ಲ. ಈ ಹಾರ್ಮೋನು ಬೆಳಿಗ್ಗೆ ಹೆಚ್ಚಿರುತ್ತದೆ, ಹೊತ್ತೇರಿದಂತೆ ಇಳಿಯುತ್ತದೆ. ತಿಂಡಿ ತಿಂದರೂ ಇಳಿಯುತ್ತದೆ. ಎರಡು ಬೇರೆ ದಿನ, ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ಜೊತೆಗೆ ಎಸ್‌ಎಚ್‌ಬಿಜಿ ಪರೀಕ್ಷೆಯೂ ಆಗಲಿ. ಇದು ಟೆಸ್ಟೋಸ್ಟೆರಾನನ್ನು ರಕ್ತದಲ್ಲಿ ಹೊತ್ತೊಯ್ಯುವ ಪ್ರೊಟೀನು. ಬೊಜ್ಜು ಇದ್ದು ಇನ್ಸುಲಿನ್ ಸರಿಯಾಗಿ ನಾಟದವರಲ್ಲಿ ಇದರ ಪ್ರಮಾಣ ತಗ್ಗಿರುತ್ತದೆ. ಆಗ ಒಟ್ಟು ಲೆಕ್ಕ ಕಡಿಮೆ ಕಂಡರೂ ದೇಹಕ್ಕೆ ದಕ್ಕುವ ‘ಫ್ರೀ’ ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇರಬಹುದು. ಪಿಟ್ಯುಟರಿಯಲ್ಲಿ ದೋಷವಿದೆಯೇ ಎಂದು ತಿಳಿಯಲು ಎಲ್‌ಎಚ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳನ್ನೂ ನೋಡಬೇಕು.

ಆಮೇಲೂ ಕಡಿಮೆಯೇ ಬಂದರೆ, ನಿಮ್ಮಂಥವರಲ್ಲಿ ಮೊದಲು ಅನುಮಾನಿಸುವುದು ಹೊಟ್ಟೆಯ ಕೊಬ್ಬನ್ನು. ಕೊಬ್ಬಿನಲ್ಲಿರುವ ಅರೊಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟೆರಾನನ್ನು ಈಸ್ಟ್ರೊಜನ್ ಆಗಿ ಮಾರ್ಪಡಿಸುತ್ತದೆ. ಮೆದುಳಿನಿಂದ ಬರುವ ಸೂಚನೆಯೂ ಮಂಕಾಗುತ್ತದೆ. ಹಾರ್ಮೋನು ತಗ್ಗಿದರೆ ಸ್ನಾಯು ಕರಗಿ ಕೊಬ್ಬು ಮತ್ತೆ ಬೆಳೆಯುತ್ತದೆ. ಒಂದು ಇನ್ನೊಂದನ್ನು ಹೆಚ್ಚಿಸುತ್ತಾ ಹೋಗುವ ಈ ಸುತ್ತನ್ನು ಮುರಿಯಲು ತೂಕ ಇಳಿಸುವುದೇ ಸರಿಯಾದ ದಾರಿ.

ಮೊದಲ ಗುರಿ ಒಂಬತ್ತು ಕೆ.ಜಿ. ಅಂದರೆ ಹತ್ತನೇ ಒಂದು ಭಾಗ. ಅಷ್ಟು ಇಳಿದರೆ ಟೆಸ್ಟೋಸ್ಟೆರಾನ್ ತಾನಾಗಿ ಏರುವುದು ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆಗೂ ಲಾಭ: 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಡೈರೆಕ್ಟ್’ ಅಧ್ಯಯನದಲ್ಲಿ, ಕಾಯಿಲೆ ಶುರುವಾಗಿ ಆರು ವರ್ಷ ಮೀರದವರು ಕಟ್ಟುನಿಟ್ಟಾಗಿ ತೂಕ ಇಳಿಸಿದಾಗ, ಸುಮಾರು ಅರ್ಧದಷ್ಟು ಜನರಿಗೆ ವರ್ಷದ ಕೊನೆಗೆ ಮಾತ್ರೆಯಿಲ್ಲದೆಯೇ ಸಕ್ಕರೆ ಹತೋಟಿಯಲ್ಲಿತ್ತು. ನೀವಿನ್ನೂ ಆ ಅವಧಿಯೊಳಗಿದ್ದೀರಿ.

ಬೆಣ್ಣೆ ದೋಸೆ, ಮಂಡಕ್ಕಿ ಜೊತೆಗಿನ ಮಿರ್ಚಿ ಅಪರೂಪಕ್ಕೆ ಸಾಕು. ಅನ್ನ, ಮುದ್ದೆ ಕಡಿಮೆ ಮಾಡಿ, ಮೊಳಕೆ ಕಾಳು, ಮೊಟ್ಟೆ, ಸೊಪ್ಪು, ತರಕಾರಿ ಹೆಚ್ಚಿಸಿ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಭಾರ ಎತ್ತುವ ವ್ಯಾಯಾಮ ಇರಲಿ. ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ವೈದ್ಯರಿಗೆ ತಿಳಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವುದೂ ಸುಸ್ತಿಗೆ ಕಾರಣವಾಗಬಹುದು.

ಗ್ಲಿಮೆಪಿರೈಡ್ ತೂಕ ಏರಿಸಬಲ್ಲ ಮಾತ್ರೆ. ಊಟ ತಗ್ಗಿಸಿದಾಗ ಸಕ್ಕರೆ ದಿಢೀರನೆ ಕುಸಿದು ಬೆವರು, ನಡುಕ ಬರಬಹುದು. ಹಾಗಾಗಿ ಪಥ್ಯ ಶುರುಮಾಡುವ ಮುನ್ನವೇ ನಿಮ್ಮ ವೈದ್ಯರನ್ನು ಕಂಡು ಡೋಸ್ ಇಳಿಸಬೇಕೇ, ತೂಕ ಹೆಚ್ಚಿಸದ ಬೇರೆ ಔಷಧಿ ಆಗುತ್ತದೆಯೇ ಕೇಳಿ. ನೀವಾಗಿ ನಿಲ್ಲಿಸಬೇಡಿ.

ತೂಕ ಇಳಿದ ಮೇಲೂ ಹಾರ್ಮೋನು ಏರದಿದ್ದರೆ ಹಾರ್ಮೋನು ತಜ್ಞರನ್ನು (ಎಂಡೊಕ್ರೈನಾಲಜಿಸ್ಟ್) ಕಾಣಿ. ಮಗುವಿನ ಆಸೆಯನ್ನು ಅವರಿಗೆ ಮೊದಲೇ ಹೇಳಿ. ವೀರ್ಯಾಣುಗಳಿಗೆ ಧಕ್ಕೆಯಾಗದ ಚಿಕಿತ್ಸೆಗಳೂ ಇವೆ.