ಲೆಕ್ಕ ಫೋನಿನಲ್ಲಿ ಹೋದರೂ ಕಣ್ಣು ನಮ್ಮದೇ ಇರಲಿ

ನಮ್ಮ ಮನೆ ಟಾರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ನಡುವೆ ಹೊಳೆ, ಅದಕ್ಕೊಂದು ಅಡಿಕೆ ಮರದ ಸಂಕ. ಕಳೆದ ಮಳೆಗಾಲ ಮೂರು ತಿಂಗಳು ಕರೆಂಟ್ ಮೀಟರ್ ಓದಲು ಯಾರೂ ಬರಲಿಲ್ಲ, ಅಂದಾಜು ಬಿಲ್ಲೇ ಬಂತು. ಮಳೆ ಬಿಟ್ಟ ಮೇಲೆ ಓದಿದಾಗ ಬಾಕಿಯೆಲ್ಲ ಒಟ್ಟಿಗೆ! 'ಇಷ್ಟು ಉರಿಸಿಯೇ ಇಲ್ಲ ಮಾರಾಯ್ರೆ' ಎಂದರೆ, 'ಮೀಟರ್ ಹಾಗೆ ಹೇಳ್ತದೆ' ಎಂಬ ಉತ್ತರ.

ಮನೆಗೆ ಬಾರದೆಯೇ ಮೀಟರ್ ಓದುವ ಉಪಾಯ ಅಮೆರಿಕದಲ್ಲಿ ಹಳೆಯದು. ಕರೆ ಮಾಡಿದವರ ನಂಬರು ಗುರುತಿಸುವ ತಂತ್ರದಲ್ಲಿ ಕೆಲಸ ಮಾಡಿದ್ದ, ಗ್ರೀಸ್ ಮೂಲದ ಥಿಯೊಡೋರ್ ಪರಾಸ್ಕೆವಾಕೋಸ್ 1970ರ ದಶಕದಲ್ಲಿ ಅದನ್ನೇ ಮೀಟರಿಗೂ ಹೊಂದಿಸಿದರು. 1977ರಲ್ಲಿ ಮೆಟ್ರೆಟೆಕ್ ಎಂಬ ಕಂಪನಿ ಕಟ್ಟಿದರು.

ಕ್ರಮ ಸರಳ. ಮೀಟರಿಗೆ ಜೋಡಿಸಿದ ಪೆಟ್ಟಿಗೆ ಬಳಕೆಯನ್ನು ಎಣಿಸಿಡುತ್ತದೆ. ಮನೆಯವರು ಮಲಗಿದ ಹೊತ್ತಿನಲ್ಲಿ ಮನೆಯ ಫೋನ್ ಲೈನಿನಿಂದಲೇ ಕಚೇರಿಯ ಕಂಪ್ಯೂಟರಿಗೆ ಕರೆ ಮಾಡಿ ಅಂಕಿ ಒಪ್ಪಿಸಿ ಲೈನ್ ಬಿಡುತ್ತದೆ. ಯಾರಾದರೂ ಮಾತಾಡುತ್ತಿದ್ದರೆ ಮತ್ತೆ ಪ್ರಯತ್ನಿಸುತ್ತದೆ. ಕೆಲವೆಡೆ ಗಂಟೆ ಬಾರಿಸದೆಯೇ ಕಚೇರಿಯಿಂದ ಕರೆಯುವ ವ್ಯವಸ್ಥೆಯೂ ಇತ್ತು. ತೊಂದರೆ ಒಂದೇ: ಫೋನ್ ಲೈನ್ ಸತ್ತರೆ ಲೆಕ್ಕವೂ ನಿಂತಿತು. ಈಗ ಈ ಕೆಲಸ ಹೆಚ್ಚಾಗಿ ರೇಡಿಯೋ, ಮೊಬೈಲ್ ಜಾಲದಲ್ಲಿ ನಡೆಯುತ್ತದೆ.

ಆದರೆ ತಂತಿ ಅಂಕಿಯನ್ನು ಸಾಗಿಸುತ್ತದೆ, ಅಷ್ಟೇ. ಆ ಕರೆಂಟ್ ಎಲ್ಲಿ ಖರ್ಚಾಯಿತೆಂದು ಹೇಳುವುದಿಲ್ಲ. ಅದನ್ನು ನಾವೇ ನೋಡಬೇಕು.

ನಾನು ಮಾಡಿದ್ದು ಹೀಗೆ. ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. ನಮ್ಮದರಲ್ಲಿ 3200. ಬೇರೆಲ್ಲ ಆರಿಸಿ 100 ವಾಟ್‌ನ ಹಳೇ ಬಲ್ಬ್ ಒಂದನ್ನೇ ಉರಿಸಿದರೆ ಯೂನಿಟ್ ಆಗಲು 10 ಗಂಟೆ ಬೇಕು. ಅಂದರೆ ಗಂಟೆಗೆ 320, ಕಾಲು ಗಂಟೆಗೆ 80 ಮಿಣುಕು. ವೋಲ್ಟೇಜ್ ಕಮ್ಮಿಯಿದ್ದರೆ ಎಣಿಕೆಯೂ ಇಳಿದೀತು.

ನಾನು ಎಣಿಸಿದಾಗ ತುಂಬ ಹೆಚ್ಚು ಬಂತು. ಬಲ್ಬ್ ಆರಿಸಿದೆ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತೆ. ಕೆಂಪು ದೀಪ ಮಿಣುಕುತ್ತಲೇ ಇತ್ತು! ಮೇನ್ ಸ್ವಿಚ್ ತೆಗೆದಾಗ ನಿಂತಿತು. ಮೀಟರ್ ಸುಳ್ಳು ಹೇಳಿರಲಿಲ್ಲ. ಎಲೆಕ್ಟ್ರಿಷಿಯನ್ ಹುಡುಕಿದಾಗ ಹಟ್ಟಿಗೆ ಹೋಗುವ ವಯರನ್ನು ಇಲಿ ಕಡಿದು, ಒದ್ದೆ ಗೋಡೆಗೆ ಕರೆಂಟ್ ಸೋರುತ್ತಿತ್ತು. ಬಿಲ್ಲು ಹೋಗಲಿ, ದನಗಳು ಉಳಿದವು.

ನೀವೂ ಒಮ್ಮೆ ನೋಡಿ. ಸೋರಿಕೆ ಕಂಡರೆ ಮೇನ್ ತೆಗೆಯಿರಿ, ವಯರ್ ಮುಟ್ಟಬೇಡಿ. ಪ್ರತಿ ತಿಂಗಳ ಒಂದನೇ ತಾರೀಕು ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಹೊಸ ಮೀಟರ್ ಹಾಕಲು ಬಂದರೆ ಹಳೆಯದರ ಕೊನೆಯ ಅಂಕಿ ಬರೆದುಕೊಳ್ಳದೆ ಬಿಚ್ಚಲು ಬಿಡಬೇಡಿ.