ಚೆನ್ನಾಗಿ ಕನ್ನಡ ಮಾತಾಡಿದವನು



ಕಳೆದ ತಿಂಗಳ ಒಂದು ಭಾನುವಾರ ಕನ್ನಡ ಬಲಿಪೂಜೆ ಮುಗಿದು ಎಲ್ಲರೂ ಹೊರಗೆ ಬರುತ್ತಿದ್ದಾಗ, ನಮ್ಮ ಅನ್ಬಿಯಂನ ಅಜ್ಜಿಯೊಬ್ಬರು ನನ್ನ ಕೈಗೆ ಫೋನ್ ಕೊಟ್ಟು, "ಇದ್ಯಾಕೋ ರಾತ್ರಿಯಿಂದ ಬಿಸಿ ಆಯ್ತಾ ಅದೆ, ಒಸಿ ನೋಡವ್ವಾ" ಎಂದರು. ತೆರೆದು ನೋಡಿದರೆ ಬ್ಯಾಂಕಿನ ಮೂರು ಸಂದೇಶಗಳು ಓದದೆ ಬಿದ್ದಿದ್ದವು. ಮೂರೂ ಇಂಗ್ಲಿಷಿನಲ್ಲಿ. ಹಿಂದಿನ ಸಂಜೆಯೇ ಅವರ ಖಾತೆಯಿಂದ ಮೂರು ಸಲಕ್ಕೆ 18,500 ರೂಪಾಯಿ ಹೋಗಿತ್ತು. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗೆ ಹೋಗುವ ಮಗ ಕಳಿಸಿದ ಹಣ ಅದು. ಮನೆಯ ಹೆಂಚು ಬದಲಿಸಲು ಕೂಡಿಟ್ಟಿದ್ದರು.

ಶನಿವಾರ ಒಬ್ಬ ಫೋನ್ ಮಾಡಿದ್ದನಂತೆ. ಮಗಳಿರ್ ಉರಿಮೈ ತೊಗೈ ಮುಂದಿನ ತಿಂಗಳಿಂದ ನಿಂತುಹೋಗುತ್ತದೆ, ಆಧಾರ್ ಸರಿಪಡಿಸಬೇಕು, ವಾಟ್ಸಾಪ್‌ಗೆ ಒಂದು ಫಾರಂ ಕಳಿಸುತ್ತೇನೆ, ಒತ್ತಿ ತುಂಬಿಸಿ ಎಂದನಂತೆ. ಪಕ್ಕದ ಮನೆಯ ಹುಡುಗ ತುಂಬಿಕೊಟ್ಟ. ತಿಂಗಳಿಗೆ ಬರುವ 1,000 ರೂಪಾಯಿ ಅಜ್ಜಿಗೆ ಔಷಧಿಯ ಹಣ, ನಿಲ್ಲುತ್ತದೆ ಎಂದರೆ ಯಾರಿಗೆ ಭಯವಾಗದು? ಆದರೆ ಅವರು ನನಗೆ ಎರಡೆರಡು ಸಲ ಹೇಳಿದ್ದು ಬೇರೆ ಮಾತು: "ನಮ್ ಭಾಸೇಲೇ ಮಾತಾಡ್ದ ಕಣವ್ವಾ. 'ಊಟ ಆಯ್ತಾ ಅಮ್ಮಾ' ಅಂತ ಕೇಳ್ದ."

ಈ ಮಾತು ನನ್ನನ್ನು ಬಿಟ್ಟಿಲ್ಲ. ನಮ್ಮ ತಾಳವಾಡಿ ಕಡೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಬ್ಯಾಂಕಿನ ಸಂದೇಶ ಇಂಗ್ಲಿಷು. ಯಾವ ಕೌಂಟರಿನ ಮುಂದೆ ನಿಂತರೂ ನಮ್ಮ ಹಿರಿಯರು ಅರ್ಧ ಅರ್ಥಮಾಡಿಕೊಂಡು, ಅರ್ಧ ಊಹಿಸಿ ಬರುತ್ತಾರೆ. ಅಂಥವರಿಗೆ 'ಆಫೀಸಿನವನು' ಒಬ್ಬ ತಾನಾಗಿ ಫೋನ್ ಮಾಡಿ ಕನ್ನಡದಲ್ಲಿ, ಅದೂ ಮರ್ಯಾದೆ ಕೊಟ್ಟು ಮಾತಾಡಿದರೆ ಅರ್ಧ ಕೆಲಸ ಆಯಿತು. ಕಳ್ಳನಿಗೆ ಇದು ಗೊತ್ತಿದೆ.

ಹ್ಯಾಕಿಂಗ್ ಎಂದರೆ ಕತ್ತಲ ಕೋಣೆಯಲ್ಲಿ ಕುಳಿತು ಕಂಪ್ಯೂಟರ್ ಬೀಗ ಒಡೆಯುವುದು ಎಂದು ನಾನೂ ಬಿಎಸ್ಸಿ ಓದುವಾಗ ಅಂದುಕೊಂಡಿದ್ದೆ. ಹೆಚ್ಚಿನ ಸಲ ಬೀಗ ಒಡೆಯುವ ಅಗತ್ಯವೇ ಇರುವುದಿಲ್ಲ, ಬೀಗದ ಕೈ ಇಟ್ಟುಕೊಂಡವರೊಡನೆ ಮಾತಾಡಿದರೆ ಸಾಕು. 2020ರ ಜುಲೈ 15ರಂದು ಅಮೆರಿಕದಲ್ಲಿ ಬರಾಕ್ ಒಬಾಮಾ, ಜೋ ಬೈಡನ್, ಬಿಲ್ ಗೇಟ್ಸ್ ಮೊದಲಾದವರ ಟ್ವಿಟರ್ ಖಾತೆಗಳು ಒಂದೇ ದಿನ ಕಳ್ಳರ ಕೈಗೆ ಹೋದವು. ಕಂಪನಿಯೇ ಕೊಟ್ಟ ವಿವರಣೆಯಂತೆ ಮೊದಲ ಹೆಜ್ಜೆ ಫೋನ್ ಕರೆ. ಕೆಲವು ನೌಕರರನ್ನು ಮಾತಿನಲ್ಲಿ ನಂಬಿಸಿ ಒಳಗಿನ ಪಾಸ್‌ವರ್ಡ್ ಪಡೆದಿದ್ದರು. ಮುಖ್ಯ ಆರೋಪಿ ಆಗ 17 ವರ್ಷದ ಹುಡುಗ. ಅಷ್ಟು ದೊಡ್ಡ ಕಂಪನಿಯ ನೌಕರರೇ ಮೋಸಹೋದ ಮೇಲೆ ನಮ್ಮ ಅಜ್ಜಿಯನ್ನು 'ಬುದ್ಧಿ ಬೇಡವಾ' ಎಂದು ಬೈಯುವ ಅರ್ಹತೆ ಯಾರಿಗೂ ಇಲ್ಲ. ಫಾರಂ ತುಂಬಿಕೊಟ್ಟ ಹುಡುಗನನ್ನಂತೂ ಬೈಯಲೇಬಾರದು. ಅವನು ಏಳನೇ ತರಗತಿ, ಈಗ ಅಜ್ಜಿಯ ಮನೆಯ ಮುಂದೆ ಹಾದುಹೋಗಲೂ ಹೆದರುತ್ತಾನೆ.

ಇನ್ನು ಆ 'ಫಾರಂ' ವಿಷಯ. "ನಾನು ಯಾರಿಗೂ ಒಟಿಪಿ ಹೇಳಿಲ್ಲ" ಎಂದು ಅಜ್ಜಿ ಆಣೆ ಮಾಡಿದರು. ನಿಜ, ಹೇಳಿರಲಿಲ್ಲ. ವಾಟ್ಸಾಪ್‌ಗೆ ಬಂದದ್ದು ಫಾರಂ ಅಲ್ಲ, ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದ ಕಡತ. ಅಂದರೆ ಅದು ಒಂದು ಆಪ್. ಪ್ಲೇ ಸ್ಟೋರಿನಿಂದ ಬಾರದ ಆಪ್ ಅನ್ನು ಹಾಕಿಕೊಳ್ಳುವ ಮೊದಲು ಫೋನೇ ತಡೆದು, 'ಇದು ಅಪಾಯ, ಆದರೂ ಬೇಕೇ' ಎಂದು ಕೇಳುತ್ತದೆ. ಕರೆ ಮಾಡಿದವನು 'ಓಕೆ ಕೊಡಿ ಅಮ್ಮಾ' ಎನ್ನುತ್ತಾನೆ. ಮತ್ತೆ, 'ಈ ಆಪ್ ನಿಮ್ಮ ಎಸ್‌ಎಂಎಸ್ ಓದಬಹುದೇ' ಎಂದು ಕೇಳುತ್ತದೆ. ಅದಕ್ಕೂ 'ಓಕೆ'. ಅಲ್ಲಿಗೆ ಮುಗಿಯಿತು. ಆಮೇಲೆ ಬರುವ ಪ್ರತಿಯೊಂದು ಒಟಿಪಿಯನ್ನೂ ಆ ಆಪ್ ತಾನೇ ಓದಿ ಕಳ್ಳನಿಗೆ ದಾಟಿಸುತ್ತದೆ. ತೆರೆದ ಪುಟದಲ್ಲಿ ಸರ್ಕಾರದ ಚಿಹ್ನೆ ಇತ್ತು, ಅದರ ಕೆಳಗೆ ಆಧಾರ್ ಸಂಖ್ಯೆ, ಎಟಿಎಂ ಕಾರ್ಡಿನ ಸಂಖ್ಯೆ ಕೇಳಿತ್ತು. ಯುಪಿಐ ಪಿನ್ ಹೊಸದಾಗಿ ಮಾಡಿಕೊಳ್ಳಲು ಕಾರ್ಡಿನ ವಿವರ ಮತ್ತು ಒಟಿಪಿ ಎರಡೂ ಸಿಕ್ಕರೆ ಇನ್ನೇನು ಬೇಕು?

ಪಿಎಂ ಕಿಸಾನ್ ಹೆಸರಿನಲ್ಲಿ, ಗಾಡಿಯ ದಂಡದ ಚಲನ್ ಹೆಸರಿನಲ್ಲಿ, ಮದುವೆಯ ಆಮಂತ್ರಣದ ಹೆಸರಿನಲ್ಲಿ ಬರುವುದೂ ಇದೇ ಜಾತಿಯ ಕಡತ. ಎಷ್ಟೋ ಸಲ ಅದು ಪರಿಚಿತರ ನಂಬರಿನಿಂದಲೇ ಬರುತ್ತದೆ, ಏಕೆಂದರೆ ಅವರ ಫೋನಿಗೆ ಹೊಕ್ಕ ಆಪ್ ಅವರಿಗೆ ತಿಳಿಯದೆ ಎಲ್ಲರಿಗೂ ಕಳಿಸಿರುತ್ತದೆ. ನಿಜವಾದ ಆಮಂತ್ರಣ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಆಪ್ ಆಗಿ ಬರುವ ಮದುವೆಗೆ ನಾವು ಹೋಗಬೇಕಾಗಿಲ್ಲ.

ಪರಿಚಿತರ ನಂಬರು ಎಂದಾಗ ನಮ್ಮ ಗಾಯನ ಮಂಡಳಿಯ ಗುಂಪಿನಲ್ಲಿ ಆದದ್ದನ್ನೂ ಹೇಳಬೇಕು. ಒಬ್ಬರಿಗೆ ಗೆಳತಿಯ ನಂಬರಿನಿಂದ, 'ತಪ್ಪಿ ನಿನ್ನ ಫೋನಿಗೆ ನನ್ನ ಆರು ಅಂಕಿಯ ಕೋಡ್ ಬಂದಿದೆ, ಕಳಿಸು' ಎಂದು ಸಂದೇಶ ಬಂತು. ಕಳಿಸಿದರು. ಅದು ಅವರದೇ ವಾಟ್ಸಾಪಿನ ಬೀಗದ ಕೈ. ಐದು ನಿಮಿಷದಲ್ಲಿ ಅವರ ವಾಟ್ಸಾಪ್ ಬೇರೆಯವನ ಫೋನಿನಲ್ಲಿ ತೆರೆದು, 'ಆಸ್ಪತ್ರೆಯಲ್ಲಿದ್ದೇನೆ, 5,000 ಕಳಿಸಿ' ಎಂದು ನಮಗೆಲ್ಲ ಸಂದೇಶ ಬರತೊಡಗಿತು. ಪುಣ್ಯಕ್ಕೆ ಒಬ್ಬರು ಅವರ ಮನೆಗೇ ನಡೆದು ಹೋಗಿ ವಿಚಾರಿಸಿದರು. ಹೀಗಾದರೆ ನಿಮ್ಮ ನಂಬರು ಹಾಕಿ ವಾಟ್ಸಾಪ್‌ಗೆ ಮತ್ತೆ ಪ್ರವೇಶಿಸಿ, ಎಸ್‌ಎಂಎಸ್‌ನಲ್ಲಿ ಬರುವ ಹೊಸ ಕೋಡ್ ಹಾಕಿದರೆ ಕಳ್ಳ ಹೊರಬೀಳುತ್ತಾನೆ. ಅವನು ಅಷ್ಟರಲ್ಲಿ ತನ್ನದೊಂದು ಪಿನ್ ಇಟ್ಟಿದ್ದರೆ ನಿಮಗೆ ಏಳು ದಿನ ಕಾಯಬೇಕಾಗುತ್ತದೆ, ಆದರೂ ಅವನಂತೂ ಹೊರಗೇ. ಆ ಪಿನ್ ಅನ್ನು ನೀವೇ ಮೊದಲು ಇಟ್ಟುಬಿಡಿ: ಸೆಟ್ಟಿಂಗ್ಸ್, ಅಕೌಂಟ್, ಟೂ-ಸ್ಟೆಪ್ ವೆರಿಫಿಕೇಶನ್. ಎರಡು ನಿಮಿಷದ ಕೆಲಸ.

ಉಳಿದವು ನಿಮಗೆ ಈಗಾಗಲೇ ಗೊತ್ತಿರಬಹುದು. ಹಣ ಬರಬೇಕಾದರೆ ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಒತ್ತುವುದು ಹಣ ಹೋಗುವಾಗ, ಬರುವಾಗ ಅಲ್ಲ. ವಿಡಿಯೋ ಕರೆಯಲ್ಲಿ ಖಾಕಿ ತೊಟ್ಟು 'ಡಿಜಿಟಲ್ ಅರೆಸ್ಟ್' ಎನ್ನುವವನು ಪೊಲೀಸನಲ್ಲ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಪ್ರಧಾನಿಯವರೇ 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಇದನ್ನು ಹೇಳಿದ್ದರು.

ಒಂದು ತಪ್ಪು ಒಪ್ಪಿಕೊಳ್ಳಬೇಕು, ಅದು ನನ್ನದು. ಎರಡು ವರ್ಷದಿಂದ ನಮ್ಮ ಹಿರಿಯರ ಫೋನುಗಳನ್ನು ಸರಿಮಾಡಿ ಕೊಡುತ್ತಿರುವವಳು ನಾನೇ. ಮರೆಯಬಾರದೆಂದು ಎಲ್ಲರಿಗೂ ಹುಟ್ಟಿದ ವರ್ಷವನ್ನೇ ಪಿನ್ ಮಾಡಿಟ್ಟೆ. ನನ್ನ ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಬರೆದುಕೊಂಡಿದ್ದೆ ಕೂಡ. ಆಧಾರ್ ಜೆರಾಕ್ಸ್ ನೋಡಿದ ಯಾರಿಗಾದರೂ ಆ ಪಿನ್ ಸಿಗುತ್ತಿತ್ತು. ಅದಕ್ಕಿಂತ ಕೆಟ್ಟದ್ದು, 'ಓದಲು ಬರುವವರ ಕೈಗೆ ಫೋನ್ ಕೊಟ್ಟರೆ ಸಾಕು' ಎಂಬ ಅಭ್ಯಾಸವನ್ನು ನಾವು ಯುವಕ ಯುವತಿಯರೇ ಕಲಿಸಿದೆವು. ಆ ಹಾಳೆ ಹರಿದು ಒಲೆಗೆ ಹಾಕಿದ್ದೇನೆ. ಆ ಪಿನ್‌ಗಳೆಲ್ಲ ಇನ್ನೂ ಬದಲಾಗಬೇಕು.

ಅಜ್ಜಿಯ ವಿಷಯದಲ್ಲಿ ನಮಗೆ ಕೈತಪ್ಪಿದ್ದು ಸಮಯ. ಸೈಬರ್ ವಂಚನೆಯ ಸಹಾಯವಾಣಿ 1930. ದೂರು ದಾಖಲಾದ ಕೂಡಲೇ ಬ್ಯಾಂಕುಗಳಿಗೆ ಸೂಚನೆ ಹೋಗಿ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುವ ದಾರಿಯಲ್ಲೇ ಅದನ್ನು ತಡೆಹಿಡಿಯಬಹುದು. ಶನಿವಾರ ಸಂಜೆಯೇ ಮಾಡಬೇಕಾದ ಕರೆಯನ್ನು ನಾವು ಮಾಡಿದ್ದು ಭಾನುವಾರ ಪೂಜೆಯಾದ ಮೇಲೆ. ಮೊದಲು ಅಜ್ಜಿಯ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ನನ್ನ ಫೋನಿನಿಂದ ಕರೆ ಮಾಡಿದೆವು. ಖಾತೆ ಸಂಖ್ಯೆ, ಹಣ ಹೋದ ಹೊತ್ತು, ಬ್ಯಾಂಕಿನ ಸಂದೇಶದಲ್ಲಿರುವ 12 ಅಂಕಿಯ ಯುಪಿಐ ಸಂಖ್ಯೆ ಕೇಳಿದರು. ಆ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. ತಮಿಳು ಬಾರದವರು ಬರುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಬಳಿಕ ಬ್ಯಾಂಕಿಗೂ ಬರೆದು ಕೊಡಬೇಕು. ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಜಾಗ್ರತೆಯಿಂದ ಆದ ವಂಚನೆಯಲ್ಲೂ ಬ್ಯಾಂಕಿಗೆ ತಿಳಿಸಿದ ನಂತರ ಹೋಗುವ ಹಣಕ್ಕೆ ಬ್ಯಾಂಕೇ ಹೊಣೆ. ಆದ್ದರಿಂದ ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿದ್ದರೂ ನಷ್ಟ ನಮ್ಮದೇ.

ಮೂರರಲ್ಲಿ ಒಂದು ಕಂತು, 4,000 ರೂಪಾಯಿ, ಎಲ್ಲೋ ಒಂದು ಖಾತೆಯಲ್ಲಿ ತಡೆಯಲ್ಪಟ್ಟಿದೆ ಎಂದು ತಿಳಿದುಬಂದಿದೆ. ಇನ್ನೂ ಕೈಗೆ ಬಂದಿಲ್ಲ. ಮಿಕ್ಕದ್ದು ಹೋಯಿತು. ಹೆಂಚಿನ ಕೆಲಸ ಮುಂದಿನ ಬೇಸಿಗೆಗೆ ಎಂದಿದ್ದಾರೆ ಅಜ್ಜಿ.

ಈ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಕನ್ನಡ ಪೂಜೆಯ ನಂತರ ಯುವಜನರು ಸಭಾಂಗಣದಲ್ಲಿ ಇರುತ್ತೇವೆ. ಬ್ಯಾಂಕಿನ ಸಂದೇಶದಲ್ಲಿ ಬರುವ 'ಯಾರಿಗೂ ಹೇಳಬೇಡಿ' ಎಂಬ ಇಂಗ್ಲಿಷ್ ಸಾಲನ್ನೂ, 'ಹಣ ಹೋಯಿತು', 'ಹಣ ಬಂತು' ಎಂಬ ಎರಡು ಪದಗಳನ್ನೂ ಗುರುತಿಸುವುದನ್ನು ಕಲಿಯೋಣ. ಫೋನ್ ತನ್ನಿ, ಕನ್ನಡಕ ಮರೆಯಬೇಡಿ. ಲಾಕ್ ಮಾತ್ರ ನೀವೇ ತೆಗೆಯಬೇಕು, ಹೊಸ ಪಿನ್ ನೀವೇ ಒತ್ತಬೇಕು. ಒತ್ತುವಾಗ ನಾವು ಆಚೆ ತಿರುಗಿ ನಿಲ್ಲುತ್ತೇವೆ.